ಪಾಚಿ ಮೊದಲು ನೀರು ತೊಳೆಯಲಿ, ಆಮೇಲೆ ಇಂಧನ

ಮೈಸೂರು ರಸ್ತೆಯಲ್ಲಿ ಕೆಂಗೇರಿ ಕಡೆಗೆ ಹೋಗುವ ಬಸ್ಸಿನಲ್ಲಿ ಎಲ್ಲರೂ ಮೂಗು ಮುಚ್ಚಿಕೊಂಡರೆ ವೃಷಭಾವತಿ ಪಕ್ಕದಲ್ಲೇ ಇದೆ ಎಂದರ್ಥ. ನಗರದ ಪಶ್ಚಿಮ ಭಾಗದ ಕೊಳಚೆ, ಪೀಣ್ಯದ ಕಾರ್ಖಾನೆಗಳ ತ್ಯಾಜ್ಯ ಎರಡನ್ನೂ ಹೊತ್ತು ಈ ನದಿ ಬಿಡದಿ ಬಳಿಯ ಬೈರಮಂಗಲ ಕೆರೆ ಸೇರುತ್ತದೆ. ಮುಂದೆ ಅರ್ಕಾವತಿಯ ಮೂಲಕ ಕಾವೇರಿಗೆ. ನಾವು ಹೊಲಸು ಎನ್ನುವ ಈ ನೀರಿನಲ್ಲಿ ಸಾರಜನಕ, ರಂಜಕ ಹೇರಳವಾಗಿವೆ. ಸೂಕ್ಷ್ಮಪಾಚಿಗೆ ಅದೇ ಗೊಬ್ಬರ.

ಬಿಸಿಲು ಮತ್ತು ಇಂಗಾಲದ ಡೈಆಕ್ಸೈಡ್ ಬಳಸಿ ಬೆಳೆಯುವ ಈ ಜೀವಿಗಳು ತಮ್ಮೊಳಗೆ ಎಣ್ಣೆ ಕೂಡಿಡುತ್ತವೆ. ಆ ಎಣ್ಣೆಯಿಂದ ಬಯೋಡೀಸೆಲ್ ತಯಾರಿಸಬಹುದು. ಹೊಂಗೆ, ಜಟ್ರೋಫಾದಂತೆ ಇದಕ್ಕೆ ಹೊಲವೂ ಬೇಕಿಲ್ಲ. ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತು ಸಂಗಡಿಗರು 2009ರಲ್ಲೇ ಡಯಾಟಮ್ ಪಾಚಿಯಿಂದ ಎಣ್ಣೆ ಪಡೆಯುವ ಬಗ್ಗೆ ಬರೆದರು. ನಗರದ ಕೊಳಚೆ ನೀರಿನಲ್ಲಿ ಬೆಳೆಯುವ ಪಾಚಿಯ ಎಣ್ಣೆಯನ್ನೂ ಅಧ್ಯಯನ ಮಾಡಿದರು. 2018ರ ರಾಷ್ಟ್ರೀಯ ಜೈವಿಕ ಇಂಧನ ನೀತಿಯೂ ಪಾಚಿಯನ್ನು ಕಚ್ಚಾವಸ್ತು ಎಂದು ಹೆಸರಿಸಿದೆ.

ಹಾಗಾದರೆ ಬಂಕಿನಲ್ಲಿ ಪಾಚಿ ಡೀಸೆಲ್ ಏಕೆ ಸಿಗುತ್ತಿಲ್ಲ? ಅಮೆರಿಕ ಸರ್ಕಾರ 1978ರಿಂದ 1996ರವರೆಗೆ ಪ್ರಯತ್ನಿಸಿ ಕೈಬಿಟ್ಟಿತು. 2009ರಲ್ಲಿ ಈ ಕ್ಷೇತ್ರಕ್ಕೆ ಇಳಿದ ಎಕ್ಸಾನ್‌ಮೊಬಿಲ್‌ನಂಥ ದೈತ್ಯ ಕಂಪನಿಯೂ 2023ರ ಹೊತ್ತಿಗೆ ಹಿಂದೆ ಸರಿಯಿತು. ಕಾರಣ ಸರಳ ಲೆಕ್ಕದಲ್ಲಿದೆ. ತೆರೆದ ಕೊಳದ ಒಂದು ಲೀಟರ್ ನೀರಿನಲ್ಲಿ ಸಾಮಾನ್ಯವಾಗಿ 1 ಗ್ರಾಂ ಒಣ ಪಾಚಿಯೂ ಇರುವುದಿಲ್ಲ. ಅಂದರೆ 1 ಕೆ.ಜಿ. ಪಾಚಿಗೆ ಸಾವಿರ ಲೀಟರ್‌ಗೂ ಹೆಚ್ಚು ನೀರು ಸೋಸಬೇಕು, ಸಿಕ್ಕಿದ್ದನ್ನು ಒಣಗಿಸಬೇಕು. ಅದರಲ್ಲಿ ಕಾಲು ಭಾಗ ಎಣ್ಣೆ ಇದೆ ಎಂದುಕೊಂಡರೂ ಕೈಗೆ ಬರುವುದು 250 ಗ್ರಾಂ. ಇಂಧನ ತಯಾರಿಸಲು ಅಷ್ಟೇ ಇಂಧನ ಸುಟ್ಟರೆ ಪ್ರಯೋಜನವೇನು?

ಆದ್ದರಿಂದ ಪಾಚಿಯನ್ನು ಕೈಬಿಡಬೇಕೆಂದಲ್ಲ, ಅದರ ಕೆಲಸದ ಕ್ರಮ ಬದಲಿಸಬೇಕು. ಕೊಳಚೆ ನೀರನ್ನು ನಾವು ಹೇಗಿದ್ದರೂ ಶುದ್ಧೀಕರಿಸಲೇಬೇಕು. ಈಗ ಆ ನೀರಿಗೆ ಗಾಳಿ ಊದಲು ವಿದ್ಯುತ್ ಖರ್ಚಾಗುತ್ತದೆ. ಪಾಚಿ ಹಗಲಿನಲ್ಲಿ ಬಿಟ್ಟಿಯಾಗಿ ಆಮ್ಲಜನಕ ಕೊಡುತ್ತದೆ, ಸಾರಜನಕ ಮತ್ತು ರಂಜಕವನ್ನು ಹೀರಿಕೊಳ್ಳುತ್ತದೆ. ಹಾಗೆ ಬೆಳೆದ ಪಾಚಿಯನ್ನು ಒಣಗಿಸದೆ, ಹಸಿಯಾಗಿಯೇ ಗೋಬರ್ ಗ್ಯಾಸ್ ಮಾದರಿಯ ತೊಟ್ಟಿಗೆ ಹಾಕಿ ಅನಿಲ ಪಡೆಯಬಹುದು. ನೀರು ಶುದ್ಧವಾಗುವುದೇ ಲಾಭ, ಅನಿಲ ಅದರ ಮೇಲಿನ ಗಳಿಕೆ.

ಅಡ್ಡಿಗಳಿಲ್ಲವೆಂದಲ್ಲ. ವಿಜಯನಗರ, ರಾಜಾಜಿನಗರದಲ್ಲಿ ಕೊಳಗಳಿಗೆ ಜಾಗವೆಲ್ಲಿದೆ? ಕೆಂಗೇರಿಯಾಚೆ ಹುಡುಕಬೇಕು. ಅದಕ್ಕಿಂತ ಮುಖ್ಯವಾಗಿ, ಪಾಚಿ ಭಾರಲೋಹಗಳನ್ನೂ ಹೀರುತ್ತದೆ. ಕಾರ್ಖಾನೆ ತ್ಯಾಜ್ಯ ನದಿಗೆ ಬರುತ್ತಿದ್ದರೆ ಉಳಿದ ಗಸಿಯನ್ನು ಗದ್ದೆಗೆ ಹಾಕುವಂತಿಲ್ಲ. ಆ ತ್ಯಾಜ್ಯವನ್ನು ಕಾರ್ಖಾನೆಯ ಗೇಟಿನಲ್ಲೇ ತಡೆಯುವುದು ಮೊದಲ ಹೆಜ್ಜೆಯಾಗಬೇಕು.

ಇಲ್ಲಿ ನಮ್ಮಂಥ ವಿದ್ಯಾರ್ಥಿಗಳಿಗೂ ಕೆಲಸವಿದೆ. ಕೊನೆಯ ವರ್ಷದ ಪ್ರಾಜೆಕ್ಟನ್ನು ದುಡ್ಡು ಕೊಟ್ಟು ಕೊಳ್ಳುವವರು ಎಷ್ಟು ಮಂದಿ ಎಂದು ನಮಗೆಲ್ಲ ಗೊತ್ತು. ಆದರೆ ಪಾಚಿಯನ್ನು ಅಗ್ಗದಲ್ಲಿ ನೀರಿನಿಂದ ಬೇರ್ಪಡಿಸುವುದು ಹೇಗೆ ಎಂಬ ಪ್ರಶ್ನೆಗೆ ಮಾರುಕಟ್ಟೆಯಲ್ಲಿ ಸಿದ್ಧ ಉತ್ತರವಿಲ್ಲ. ಸಿವಿಲ್, ಮೆಕ್ಯಾನಿಕಲ್, ಬಯೋಟೆಕ್ನಾಲಜಿಯವರು ಒಟ್ಟಿಗೆ ಕೂತು ಹುಡುಕಬೇಕಾದ ಉತ್ತರ ಅದು. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ವಿದ್ಯಾರ್ಥಿಗಳ ಪ್ರಾಜೆಕ್ಟ್‌ಗಳಿಗೆ ಧನಸಹಾಯ ನೀಡುತ್ತದೆ. ಈ ಸಲ ಅರ್ಜಿ ಹಾಕುವವರು ವಿಷಯವನ್ನು ಅಂತರ್ಜಾಲದಲ್ಲಿ ಹುಡುಕುವ ಮುನ್ನ ಮೈಸೂರು ರಸ್ತೆಯ ಸೇತುವೆಯ ಮೇಲೊಮ್ಮೆ ನಿಂತು ನೋಡಲಿ.