ಇಪ್ಪತ್ತು ರೂಪಾಯಿ, ಇಪ್ಪತ್ತೆರಡು ವರ್ಷ!

‘ಹೋಗ್ಲಿ ಬಿಡಯ್ಯ, ಇಷ್ಟಕ್ಕೆಲ್ಲ ಯಾರು ಕೋರ್ಟು ಕಚೇರಿ ಅಲೀತಾರೆ?’ ಅಂಗಡಿ ಗಲ್ಲಾದ ಮುಂದೆ, ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ದಿನ ಬೆಳಗಾದರೆ ಕೇಳಿಬರುವ ಮಾತಿದು. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆ ಜನಕ್ಕೆ ಬಾಯಿಪಾಠ.

ಈ ಅಂಜಿಕೆ ಹೋಗಲೆಂದೇ 1986ರಲ್ಲಿ ಗ್ರಾಹಕರ ಸಂರಕ್ಷಣಾ ಕಾಯ್ದೆ ಬಂತು. ಜಿಲ್ಲೆಗೊಂದು ವೇದಿಕೆ ಹುಟ್ಟಿತು. 2019ರ ಹೊಸ ಕಾಯ್ದೆ 2020ರ ಜುಲೈನಲ್ಲಿ ಜಾರಿಗೆ ಬಂದಮೇಲೆ ಅದರ ಹೆಸರು ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗ. ಹೆಸರು ಉದ್ದ, ದಾರಿ ಸುಲಭ. ವಕೀಲರು ಬೇಕೇ ಬೇಕೆಂದಿಲ್ಲ. 5 ಲಕ್ಷ ರೂಪಾಯಿವರೆಗಿನ ಖರೀದಿಯ ದೂರಿಗೆ ಶುಲ್ಕವಿಲ್ಲ. ಕಂಪನಿ ದಿಲ್ಲಿಯಲ್ಲಿದ್ದರೂ ದೂರುದಾರ ತನ್ನ ಊರಿನ ಜಿಲ್ಲೆಯಲ್ಲೇ ದೂರು ಕೊಡಬಹುದು. ಎರಡು ವರ್ಷದೊಳಗೆ ಕೊಡಬೇಕು, ಅಷ್ಟೆ.

ತೀರ್ಪಿಗೂ ಗಡುವಿದೆ. ಎದುರು ಪಕ್ಷಕ್ಕೆ ನೋಟೀಸು ಮುಟ್ಟಿ ಮೂರು ತಿಂಗಳು. ಸರಕನ್ನು ಪರೀಕ್ಷೆಗೆ ಕಳಿಸಬೇಕಾದರೆ ಐದು ತಿಂಗಳು. ಸಾಧ್ಯವಾದಷ್ಟೂ ಇಷ್ಟರೊಳಗೆ ಮುಗಿಯಬೇಕೆನ್ನುತ್ತದೆ ಕಾನೂನು. ಸಕಾರಣವಿಲ್ಲದೆ ವಾಯಿದೆ ಕೊಡಕೂಡದು ಎಂದೂ ಅದರಲ್ಲೇ ಬರೆದಿದೆ.

ಆದರೆ ನಡೆಯುವುದೇನು? ಉತ್ತರಪ್ರದೇಶದ ಮಥುರಾ ಸ್ಟೇಷನ್ನಿನಲ್ಲಿ 1999ರಲ್ಲಿ ಒಬ್ಬ ವಕೀಲರು ಎರಡು ರೈಲು ಟಿಕೆಟ್ ಕೊಂಡರು. 70 ರೂಪಾಯಿ ಆಗಬೇಕಿತ್ತು, ಕೌಂಟರಿನಲ್ಲಿ 90 ಹಿಡಿದುಕೊಂಡರು. ವಕೀಲರು ಬಿಡಲಿಲ್ಲ, ದೂರು ಕೊಟ್ಟರು. ಇದು ಗ್ರಾಹಕರ ವೇದಿಕೆಗೆ ಸೇರಿದ್ದೇ ಅಲ್ಲವೆಂದು ರೈಲ್ವೆಯವರ ತಕರಾರು. ನೂರಕ್ಕೂ ಹೆಚ್ಚು ವಾಯಿದೆ ಕಳೆದು 2022ರ ಆಗಸ್ಟ್‌ನಲ್ಲಿ ತೀರ್ಪು ಬಂತು: 20 ರೂಪಾಯಿಗೆ ಶೇಕಡಾ 12 ಬಡ್ಡಿ, ಮೇಲೆ 15 ಸಾವಿರ ರೂಪಾಯಿ. ನ್ಯಾಯವೇನೋ ಸಿಕ್ಕಿತು. ಕಾನೂನು ಬಲ್ಲವರಿಗೇ ಇಪ್ಪತ್ತೆರಡು ವರ್ಷ ಹಿಡಿದರೆ, ಬಾಕಿ ಚಿಲ್ಲರೆಯನ್ನು ಟಿಕೆಟ್ಟಿನ ಬೆನ್ನಿಗೆ ಬರೆಸಿಕೊಂಡು ಕಂಡಕ್ಟರ ಮುಖ ನೋಡುತ್ತ ನಿಲ್ಲುವ ಬಡಪಾಯಿ ಪ್ಯಾಸೆಂಜರಿನ ಪಾಡೇನು?

ತಡವಾಗುವುದಕ್ಕೆ ಕಾರಣ ಗುಟ್ಟಿನದಲ್ಲ. ಪ್ರತಿ ಜಿಲ್ಲಾ ಆಯೋಗಕ್ಕೆ ಒಬ್ಬ ಅಧ್ಯಕ್ಷರು, ಕನಿಷ್ಠ ಇಬ್ಬರು ಸದಸ್ಯರು ಇರಬೇಕು. ಕುರ್ಚಿಗಳು ಖಾಲಿ ಬಿದ್ದಿದ್ದನ್ನು ಕಂಡು 2021ರಲ್ಲಿ ಸುಪ್ರೀಂ ಕೋರ್ಟೇ ತಾನಾಗಿ ಪ್ರಕರಣ ಕೈಗೆತ್ತಿಕೊಂಡು ಸರ್ಕಾರಗಳ ಕಿವಿ ಹಿಂಡಬೇಕಾಯಿತು. ಕೂರುವವರೇ ಇಲ್ಲದಿದ್ದರೆ ಮೂರು ತಿಂಗಳ ಗಡುವು ಗೋಡೆಗೆ ಅಂಟಿಸಿದ ಕ್ಯಾಲೆಂಡರು, ಅಷ್ಟೆ.

ಅಂಗಡಿಯವರು ಈ ಆಯೋಗವನ್ನು ಕಂಡು ಬೆದರುವುದುಂಟು. ಬೆದರಬೇಕಾದ್ದಿಲ್ಲ. ತಯಾರಿಕೆಯ ದೋಷದಿಂದ ಗಿರಾಕಿಗೆ ಹಾನಿಯಾದರೆ ಮೊದಲ ಹೊಣೆ ತಯಾರಕರದು. ಸರಕು ಎಲ್ಲಿಂದ ಬಂತೆಂದು ತೋರಿಸಲಾಗದ ಅಥವಾ ತಾನೇ ಗ್ಯಾರಂಟಿ ಕೊಟ್ಟ ವ್ಯಾಪಾರಿಯೂ ಸಿಕ್ಕಿಬೀಳಬಹುದು. ಬಿಲ್ಲು ಹರಿದು ಕೊಡುವುದು ಗಿರಾಕಿಗೆ ಎಷ್ಟು ರಕ್ಷೆಯೋ ಅಂಗಡಿಗೂ ಅಷ್ಟೇ ರಕ್ಷೆ. ಹೊಟ್ಟೆಪಾಡಿಗೆಂದು ಸ್ವಂತ ದುಡಿಮೆಗೆ ಹೊಲಿಗೆ ಮೆಷೀನು ಕೊಂಡ ದರ್ಜಿ, ಹಿಟ್ಟಿನ ಗಿರಣಿ ಹಾಕಿಸಿದವನು, ಇವರೂ ಕಾನೂನಿನ ಕಣ್ಣಿನಲ್ಲಿ ಗ್ರಾಹಕರೇ. ಮೆಷೀನು ಕೆಟ್ಟರೆ ಇವರೂ ಅದೇ ಬಾಗಿಲು ತಟ್ಟಬಹುದು. ಮಾರಾಟಕ್ಕೆಂದು ತಂದ ಮಾಲಿಗೆ ಮಾತ್ರ ಈ ಸವಲತ್ತಿಲ್ಲ. ಇನ್ನು ಸುಳ್ಳು ದೂರಿಗೆ ಸಿಕ್ಕ ಪ್ರಾಮಾಣಿಕ ವ್ಯಾಪಾರಿಗೂ ವರ್ಷಗಟ್ಟಲೆ ಅಂಗಡಿ ಬಾಗಿಲು ಹಾಕಿ ಅಲೆಯುವುದು ಯಾತರ ಸುಖ? ಬೇಗ ತೀರ್ಪಾದರೆ ಇಬ್ಬರಿಗೂ ಲಾಭ.

ಜನರೂ ಮಾಡಬೇಕಾದ್ದಿದೆ. ಬಿಲ್ಲು, ಟಿಕೆಟ್ಟು ಬಿಸಾಡಬೇಡಿ. ಮೊದಲು ಅಂಗಡಿಯವರನ್ನೇ ಕೇಳಿ. ಬಗೆಹರಿಯದಿದ್ದರೆ 1915ಕ್ಕೆ ಫೋನು ಮಾಡಿ. ಅಲ್ಲೂ ಆಗದಿದ್ದರೆ ಆಯೋಗ.

ಸರ್ಕಾರ ಮಾಡಬೇಕಾದ್ದು ಇನ್ನೂ ಸರಳ. ಅಧ್ಯಕ್ಷರ, ಸದಸ್ಯರ ಅವಧಿ ಮುಗಿಯುವ ದಿನ ಮೊದಲೇ ಗೊತ್ತಿರುತ್ತದೆ. ಅದಕ್ಕೆ ಮುಂಚೆಯೇ ಮುಂದಿನವರ ನೇಮಕ ಮುಗಿಸಲಿ. ಎಷ್ಟು ದೂರು ಬಂತು, ಎಷ್ಟು ಮೂರು ತಿಂಗಳಲ್ಲಿ ತೀರಿತು ಎಂಬ ಲೆಕ್ಕವನ್ನು ಪ್ರತಿ ತಿಂಗಳು ಆಯೋಗದ ಬಾಗಿಲಲ್ಲೇ ಬರೆದು ಹಾಕಲಿ. ಹತ್ತಿಪ್ಪತ್ತು ರೂಪಾಯಿಯ ನ್ಯಾಯ ಬೇಗ ಸಿಗುವ ಊರಿನಲ್ಲಿ ‘ಹೋಗ್ಲಿ ಬಿಡು’ ಎನ್ನುವವರು ತಾವಾಗಿ ಕಮ್ಮಿಯಾಗುತ್ತಾರೆ.