ರಾಣಿಯ ಸಲೂನಿಗೆ ಸೂರು, ಗುಳೆಯವರ ಬೋಗಿಗೆ ಗುಜರಿ

ಮೈಸೂರಿನ ರೈಲು ವಸ್ತುಸಂಗ್ರಹಾಲಯದಲ್ಲಿ ಮಹಾರಾಣಿಯವರ ಸಲೂನ್ ಇದೆ. 1899ರದ್ದು. ಅಡುಗೆಮನೆ, ಊಟದ ಕೋಣೆ, ಶೌಚಾಲಯ ಎಲ್ಲವನ್ನೂ ಹೊತ್ತು ಹಳಿಯ ಮೇಲೆ ಓಡಾಡಿದ ಗಾಡಿ. 1979ರಲ್ಲಿ ಆರಂಭವಾದ ಆ ಸಂಗ್ರಹಾಲಯ ಅದನ್ನು ಕಾಪಾಡಿದ್ದು ಒಳ್ಳೆಯದೇ ಆಯಿತು, ನನ್ನ ತಕರಾರು ಅದಕ್ಕಲ್ಲ. ನಮ್ಮ ರಾಯಚೂರು ಸೀಮೆಯ ಗಬ್ಬೂರು, ದೇವದುರ್ಗ, ಮಾನ್ವಿ ಕಡೆಯಿಂದ ಗುಳೆ ಹೊರಟವರು ಕೂತು, ನಿಂತು, ಬಾಗಿಲಿಗೆ ಜೋತುಬಿದ್ದು ಹೋದ ಜನರಲ್ ಬೋಗಿಯನ್ನು ಮಾತ್ರ ಕಿಲೋ ಲೆಕ್ಕದ ಕಬ್ಬಿಣವೆಂದು ನೋಡುತ್ತಾರಲ್ಲ, ನನ್ನ ಸಿಟ್ಟು ಅದರ ಮೇಲೆ.

ಗಬ್ಬೂರಿಗೆ ರೈಲೇ ಇಲ್ಲ, ನಿಮಗೇಕೆ ಬೋಗಿಯ ಉಸಾಬರಿ ಎಂದು ಕೇಳುವವರಿದ್ದಾರೆ. ರೈಲು ಇಲ್ಲದ್ದಕ್ಕೇ ಕೇಳುತ್ತಿದ್ದೇವೆ. ನಮ್ಮ ಜನರಿಗೆ ರೈಲೆಂದರೆ ಬಸ್ ಹಿಡಿದು ರಾಯಚೂರಿಗೆ ಬಂದು ಊರು ಬಿಡುವ ದಾರಿ. 1871ರಲ್ಲಿ ಮುಂಬೈ ಕಡೆಯ ಜಿ.ಐ.ಪಿ. ರೈಲ್ವೆಯೂ ಮದರಾಸು ರೈಲ್ವೆಯೂ ಕೂಡಿದ್ದು ರಾಯಚೂರಿನಲ್ಲಿ. ಎರಡು ಮಹಾನಗರಗಳು ಒಂದೇ ಹಳಿಗೆ ಬಂದವು. ಮಳೆ ಕೈಕೊಟ್ಟ ವರ್ಷ ಆ ಹಳಿಯೇ ನಮ್ಮವರನ್ನು ಮುಂಬೈಗೆ, ಪುಣೆಗೆ ಒಯ್ದಿತು. ಈಗಲೂ ಉದ್ಯಾನ್ ಎಕ್ಸ್‌ಪ್ರೆಸ್ಸಿನ ಜನರಲ್ ಡಬ್ಬಿಯ ಮುಂದೆ ನಿಂತರೆ ತಿಳಿಯುತ್ತದೆ: ಹಾಸಿಗೆ ಗಂಟು, ರೊಟ್ಟಿ ಬುತ್ತಿ, ಕಂಕುಳಲ್ಲಿ ಕೂಸು.

ಆ ಡಬ್ಬಿಗೊಂದು ಚರಿತ್ರೆಯಿದೆ. 1917ರಲ್ಲಿ ಗಾಂಧೀಜಿ ಮೂರನೇ ದರ್ಜೆಯ ಇಕ್ಕಟ್ಟು, ಕೊಳಕನ್ನು ಎಳೆಎಳೆಯಾಗಿ ಪತ್ರಿಕೆಗಳಿಗೆ ಬರೆದರು. ಮೂರನೇ ದರ್ಜೆ ಎಂಬ ಹೆಸರು ಹೋಗಲು 1974 ಬರಬೇಕಾಯಿತು. ಹೆಸರು ಹೋಯಿತು, ಇಕ್ಕಟ್ಟು ಹೋಗಲಿಲ್ಲ. 1955ರಲ್ಲಿ ಪೆರಂಬೂರಿನ ಕಾರ್ಖಾನೆ ಸ್ವಿಸ್ ವಿನ್ಯಾಸದ ಉಕ್ಕಿನ ಬೋಗಿಗಳನ್ನು ಕಟ್ಟತೊಡಗಿತು. ಅದರ ಜನರಲ್ ಬೋಗಿಯಲ್ಲಿ ಲೆಕ್ಕಕ್ಕೆ 90 ಸೀಟು, ಹಬ್ಬದ ದಿನ ಲೆಕ್ಕವೇ ಇಲ್ಲ. ಸಾಮಾನಿಡುವ ಹಲಗೆಯ ಮೇಲೆ ಮಲಗಿದವರು, ಶೌಚಾಲಯದ ಬಾಗಿಲಿಗೆ ಬೆನ್ನು ಕೊಟ್ಟು ರಾತ್ರಿ ಕಳೆದವರು, ಕಿಟಕಿಯ ಸರಳಿನ ನಡುವೆ ನೀರಿನ ಬಾಟಲಿ ಈಸಿಕೊಂಡವರು, ಇವರೆಲ್ಲ ಬದುಕಿದ್ದು ಆ ತಗಡಿನೊಳಗೆ.

ಆ ವಿನ್ಯಾಸದ ಕೊನೆಯ ಬೋಗಿ ಕಾರ್ಖಾನೆಯಿಂದ ಹೊರಬಂದದ್ದು 2018ರಲ್ಲಿ. ಅವುಗಳ ಜಾಗಕ್ಕೆ ಎಲ್‌ಎಚ್‌ಬಿ ಎಂಬ ಹೊಸ ವಿನ್ಯಾಸದ ಬೋಗಿಗಳು ಬರುತ್ತಿವೆ, ಬರಲೇಬೇಕು. ಅಪಘಾತವಾದಾಗ ಒಂದರ ಮೇಲೊಂದು ಹತ್ತದ ಬೋಗಿ ಬಡವರ ಜೀವ ಉಳಿಸುತ್ತದೆ. ಹಳೆಯದನ್ನೇ ಓಡಿಸಿ ಎಂದು ನಾನು ಹೇಳುತ್ತಿಲ್ಲ. ಆದರೆ ಆಯುಷ್ಯ ಮುಗಿದ ಬೋಗಿಗಳ ಗತಿ ನೋಡಿ. ಕೆಲವು ಕಿಟಕಿ ಮುಚ್ಚಿಸಿಕೊಂಡು ಕಾರು ಸಾಗಿಸುವ ಗೂಡ್ಸ್ ಡಬ್ಬಿಗಳಾಗುತ್ತವೆ, ಕೆಲವು ನಿಲ್ದಾಣದ ಮುಂದೆ ಹೋಟೆಲಾಗುತ್ತವೆ, ಉಳಿದವು ಗುಜರಿಗೆ. ಹೋಟೆಲ್ ಮಾಡಿದ್ದನ್ನೇ ಪರಂಪರೆಯ ರಕ್ಷಣೆ ಎಂದು ಬೀಗುವುದನ್ನು ನಾನು ಒಪ್ಪಲಾರೆ. ಸೀಟು ಕಿತ್ತು, ಹಲಗೆ ಕಿತ್ತು, ಹವಾನಿಯಂತ್ರಣ ಹಾಕಿ ದೋಸೆ ಬಡಿಸಿದರೆ ಉಳಿದದ್ದು ಹೊರಗಿನ ಚಿಪ್ಪು ಮಾತ್ರ. ಅಲ್ಲಿ ಕೂತ ಹುಡುಗನಿಗೆ ತನ್ನಜ್ಜ ಹೇಗೆ ಪ್ರಯಾಣ ಮಾಡಿದ ಎಂಬುದು ಎಲ್ಲಿಂದ ತಿಳಿಯಬೇಕು?

ಇನ್ನೊಂದು ವಾದಕ್ಕೆ ತೂಕವಿದೆ. ಗಿಣಿಗೇರಾ–ರಾಯಚೂರು ಮಾರ್ಗ ಸಿಂಧನೂರಿನವರೆಗೆ ಬರುವುದಕ್ಕೇ ಎರಡು ದಶಕ ಮೀರಿತು, ಮಾನ್ವಿಯವರು ಇನ್ನೂ ಕಾಯುತ್ತಿದ್ದಾರೆ. ಮೊದಲು ಅದಾಗಲಿ, ಹಳೆ ಡಬ್ಬಿ ಆಮೇಲೆ ಎನ್ನುತ್ತಾರೆ. ಹೊಸ ಮಾರ್ಗಕ್ಕೆ ನಾವೂ ಗಲಾಟೆ ಮಾಡೋಣ. ಆದರೆ ತಡವಾದ ಹಳಿಯನ್ನು ನಾಳೆಯಾದರೂ ಹಾಸಬಹುದು, ಗ್ಯಾಸ್ ಕಟರಿಗೆ ಸಿಕ್ಕ ಬೋಗಿಯನ್ನು ಮತ್ತೆ ಕೂಡಿಸಲಾಗದು. ಒಂದು ಬೋಗಿ ನಿಲ್ಲಿಸುವ ಖರ್ಚಿಗಾಗಿ ಯಾವ ಮಾರ್ಗವೂ ನಿಲ್ಲುವುದಿಲ್ಲ.

ಬೋಗಿ ಉಳಿಸುವುದು ಆಗದ ಕೆಲಸವೇನಲ್ಲ. ಇಂಗ್ಲೆಂಡಿನ ಇಂಗ್ರೋದಲ್ಲಿ ಸ್ವಯಂಸೇವಕರ ಟ್ರಸ್ಟೊಂದು ಹಳೆಯ ಪ್ರಯಾಣಿಕರ ಗಾಡಿಗಳನ್ನೇ ದುರಸ್ತಿ ಮಾಡಿ, ಸೂರಿನಡಿ ಇಟ್ಟು, ಸಿನಿಮಾಗಳಿಗೂ ಬಾಡಿಗೆಗೆ ಕೊಡುತ್ತದೆ. ನಮ್ಮಲ್ಲಿ ಮೈಸೂರು, ಹುಬ್ಬಳ್ಳಿಗಳಿಗೆ ಸಂಗ್ರಹಾಲಯ ಸಿಕ್ಕಿತು. ರಾಯಚೂರು ನಿಲ್ದಾಣದ ಆಡಳಿತವೋ ದೂರದ ಗುಂತಕಲ್ಲಿನಲ್ಲಿದೆ, ಇಲ್ಲಿಯ ಮಾತು ಅಲ್ಲಿಗೆ ಮುಟ್ಟುವುದೇ ಕಷ್ಟ.

ಆದ್ದರಿಂದ ರಾಯಚೂರಿನ ಸಂಸದರು, ಶಾಸಕರು ಗುಂತಕಲ್ಲಿಗೆ ಬರೆಯಲಿ. ಗುಜರಿ ಪಟ್ಟಿಗೆ ಸೇರಲಿರುವ ಒಂದು ಜನರಲ್ ಬೋಗಿಯನ್ನು ಸೀಟು, ಸರಪಳಿ, ಸರಳು ಸಮೇತ ರಾಯಚೂರು ನಿಲ್ದಾಣದ ಬಳಿ ನಿಲ್ಲಿಸಲಿ. ಮೇಲೆ ಸೂರು ಹಾಕಲಿ, ನಮ್ಮ ಬಿಸಿಲಿಗೂ ಮಳೆಗೂ ಬಿಟ್ಟರೆ ಆ ಉಕ್ಕು ತುಕ್ಕು ಹಿಡಿಯುತ್ತದೆ. ಬಣ್ಣ ಬಳಿಯುವ ನೆಪದಲ್ಲಿ ಸೀಟಿನ ಮೇಲೆ ಕೆತ್ತಿದ ಹೆಸರುಗಳನ್ನು ಅಳಿಸದಿರಲಿ. ಗುಳೆ ಹೋಗಿ ಬಂದ ಹಿರಿಯರ ಮಾತನ್ನು ಅವರವರ ಆಡುಮಾತಿನಲ್ಲೇ ದಾಖಲಿಸಿ ಅದರೊಳಗೆ ಕೇಳಿಸುವ ಹೊಣೆಯನ್ನು ರಾಯಚೂರಿನ ವಿಶ್ವವಿದ್ಯಾಲಯ ಹೊರಲಿ. ಪತ್ರ ಈ ವರ್ಷವೇ ಹೋಗಬೇಕು.