ಒಂಟಿ ಗಿಟಾರಿನ ಬಲ

ಪಂಕ್ ರಾಕ್ ಗೀತವೊಂದನ್ನು ಕಲಿಯಹೊರಟ ವಿದ್ಯಾರ್ಥಿಗೆ, ತಂಡದಲ್ಲಿ ತಾನೊಬ್ಬನೇ ಗಿಟಾರ್ ವಾದಕನಾಗಿದ್ದರೆ, ಬಹುಬೇಗ ನಿರಾಶೆಯುಂಟಾಗುತ್ತದೆ. ಧ್ವನಿಮುದ್ರಿಕೆಯಲ್ಲಿ ಕೇಳಿಬರುವ ಘನನಾದವು ತನ್ನ ವಾದ್ಯದಿಂದ ಹೊರಡದಿರುವುದನ್ನು ಕಂಡು ಅವನು ತನ್ನ ಬೆರಳುಗಳನ್ನೇ ಹಳಿಯುತ್ತಾನೆ. ಇದು ನ್ಯಾಯವಲ್ಲ.

ಲಂಡನ್ನಿನ ಸೆಕ್ಸ್ ಪಿಸ್ಟಲ್ಸ್ ತಂಡದಲ್ಲಿಯೂ ಗಿಟಾರ್ ನುಡಿಸುತ್ತಿದ್ದವರು ಸ್ಟೀವ್ ಜೋನ್ಸ್ ಒಬ್ಬರೇ. ಆದರೆ 1977ರಲ್ಲಿ ಹೊರಬಂದ ಆ ತಂಡದ ಧ್ವನಿಮುದ್ರಿಕೆಗಾಗಿ ಅವರ ವಾದನವನ್ನೇ ಹಲವು ಬಾರಿ ಮುದ್ರಿಸಿ, ಒಂದರ ಮೇಲೊಂದನ್ನು ಕೂಡಿಸಲಾಯಿತು. ಒಬ್ಬ ಕಲಿಕೆಗಾರನು ಇಂತಹ ಹಲವು ಗಿಟಾರುಗಳೊಡನೆ ಸ್ಪರ್ಧಿಸುವುದೆಂತು?

ಒಂಟಿ ವಾದಕನಿಗೆ ನೆರವಾಗುವುದು ಭೌತಶಾಸ್ತ್ರ. ಷಡ್ಜ ಪಂಚಮಗಳೆರಡನ್ನೇ ಒಟ್ಟಿಗೆ ಮೀಟುವ 'ಪವರ್ ಕಾರ್ಡ್' ಈ ಸಂಗೀತದ ಜೀವಾಳ. ಗಿಟಾರಿನ ಅತಿ ತಗ್ಗಿನ ತಂತಿ ಸೆಕೆಂಡಿಗೆ ಸುಮಾರು 82 ಬಾರಿ ಕಂಪಿಸುತ್ತದೆ. ಅದರ ಪಂಚಮ, ಸುಮಾರು 123 ಬಾರಿ. ಆಂಪ್ಲಿಫೈಯರು ಈ ನಾದವನ್ನು ವಿಕೃತಗೊಳಿಸಿದಾಗ, ಇವೆರಡರ ವ್ಯತ್ಯಾಸವಾದ 41 ಮತ್ತು ಮೊತ್ತವಾದ 205 ಕಂಪನಗಳ ಸ್ವರಗಳೂ ಹುಟ್ಟುತ್ತವೆ. ಮೊದಲನೆಯದು ಕೆಳಸ್ಥಾಯಿಯ ಷಡ್ಜ. ಎರಡನೆಯದು ಅಂತರಗಾಂಧಾರಕ್ಕೆ ಸಮೀಪವಾದುದು. ಮೀಟದ ಸ್ವರಗಳೂ ನುಡಿಯುತ್ತವೆಯೆಂದಾಯಿತು! ಇನ್ನಷ್ಟು ಸ್ವರಗಳನ್ನು ತುರುಕಿದರೆ ಇಂತಹ ಉಪಸ್ವರಗಳು ಹೆಚ್ಚಿ, ಪರಸ್ಪರ ಘರ್ಷಿಸಿ, ನಾದವು ಕಲಕಿಹೋಗುತ್ತದೆ.

ಆದುದರಿಂದ ಕಲಿಯುವವನು ಸ್ವರಗಳ ಸಂಖ್ಯೆಗಿಂತ ಬಲಗೈಯ ಸಮತೆಯ ಕಡೆಗೆ ಗಮನ ಕೊಡಬೇಕು. ಮೊದಲು ವಿಳಂಬದಲ್ಲಿ ಪ್ರತಿ ಮೀಟನ್ನೂ ಒಂದೇ ತೂಕದಲ್ಲಿ ನುಡಿಸಿ, ಕ್ರಮೇಣ ವೇಗಕ್ಕೇರಲಿ. ನಡುವೆ ಒಂಟಿ ಸ್ವರಗಳ ವಾದನ ಬಂದಾಗ ಆಧಾರವನ್ನು ಬಾಸ್ ವಾದಕನಿಗೆ ಬಿಟ್ಟುಕೊಡಲಿ. ಯಂತ್ರವು ಕೂಡಿಸಿದ ನಾದಕ್ಕೆ ತನ್ನೆರಡು ಕೈಗಳನ್ನು ಹೋಲಿಸಿಕೊಂಡು ವಾದ್ಯವನ್ನು ಮೂಲೆಗಿಡುವುದು ವಿವೇಕವಲ್ಲ.